ಪರದೆಯ ಆಚೆಯಿಂದ ‘ಬಾ’ ಎನ್ನುವವರು ಯಾರು?

ಲಸಿಕೆ ಶಿಬಿರದ ಬಾಗಿಲಿಗೆ ಬೋರ್ಡು ಬರೆಸಿದ ಮಾನ್ಯ ಆರೋಗ್ಯಾಧಿಕಾರಿಗಳೇ,

ತಮ್ಮ ಬೋರ್ಡಿನ ಕೊನೆಯ ಸಾಲು ನನ್ನ ಅಕ್ಕನನ್ನು ಕೊಂದಿತು ಎಂದು ನಾನು ಹೇಳುವುದಿಲ್ಲ. ಹೇಳಿದರೆ ತಾವು ಪುರಾವೆ ಕೇಳುತ್ತೀರಿ, ನನ್ನಲ್ಲಿ ಪುರಾವೆ ಇಲ್ಲ. ಅವಳನ್ನು ಕೊಂದದ್ದು ಫ್ಲೂ ಜ್ವರ ಮತ್ತು ಹುಟ್ಟಿದಾಗಿನಿಂದ ಜೊತೆಗಿದ್ದ ಉಬ್ಬಸ, ಎರಡೂ ಸೇರಿ. ತಮ್ಮ ಸಾಲು ಮಾಡಿದ್ದು ಇಷ್ಟೇ: ಫ್ಲೂ ಲಸಿಕೆ ಹಾಕಿಸಿಕೊಳ್ಳಬೇಕೆಂದು ರವಿಕೆಯ ತೋಳು ಮಡಚಿಕೊಂಡೇ ಬಂದು ನಿಂತಿದ್ದ ಹೆಂಗಸನ್ನು ಬಾಗಿಲಿನಿಂದ ವಾಪಸು ಕಳಿಸಿತು. ಆ ಬೋರ್ಡನ್ನು ಈ ವರ್ಷವೂ ಅದೇ ಬಾಗಿಲಿನಲ್ಲಿ, ಅದೇ ಮೊಳೆಗೆ ನೇತುಹಾಕಿದ್ದೀರಿ. ಬಣ್ಣ ಮಾತ್ರ ಹೊಸದು. ಅದಕ್ಕೇ ಈ ಪತ್ರ.

ಬರೆಸಿದವರಿಗೆ ಬರೆಸಿದ್ದು ನೆನಪಿರುವುದಿಲ್ಲ, ಆದ್ದರಿಂದ ಆ ಸಾಲನ್ನು ಇಲ್ಲಿ ಇಳಿಸುತ್ತೇನೆ. ನನಗೆ ಬಾಯಿಪಾಠವಾಗಿದೆ. “ಉಬ್ಬಸ, ಅಲರ್ಜಿ ಇತ್ಯಾದಿ ತೊಂದರೆ ಇರುವವರು ತಮ್ಮ ವೈದ್ಯರನ್ನು ಸಂಪರ್ಕಿಸಿಯೇ ಮುಂದುವರಿಯತಕ್ಕದ್ದು.” ಎಷ್ಟು ಸಭ್ಯವಾಗಿದೆ ನೋಡಿ. ಯಾರಿಗೂ ಬೇಡ ಎಂದಿಲ್ಲ, ಯಾರನ್ನೂ ಬನ್ನಿ ಎಂದೂ ಕರೆದಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದು ಎಂದು ನಮ್ಮ ಅಮ್ಮ ಹೇಳುತ್ತಿದ್ದಳಲ್ಲ, ಅದು ಇದೇ ಇರಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೋಲು ಮುರಿದಿಲ್ಲ, ಮಾನ್ಯರೇ. ಅದು ತಮ್ಮ ಮೇಜಿನ ಮೇಲೆ ಭದ್ರವಾಗಿದೆ. ಮೇಲಾಗಿ ಆ ‘ಇತ್ಯಾದಿ’ಯ ಪಕ್ಕದಲ್ಲೇ ನಮ್ಮನ್ನು ಕೂರಿಸಿದ್ದೀರಿ. ಉಸಿರಾಡಲು ಕಷ್ಟಪಡುವವರಿಗೆ ಅಷ್ಟಾದರೂ ಜಾಗ ಕೊಟ್ಟಿರಲ್ಲ, ಉಪಕಾರವಾಯಿತು.

ಅಕ್ಕ ಮತ್ತು ನಾನು ಪರದೆ ಹೊಲಿಯುವವರು. ಮನೆಗಳಿಗೆ, ಶಾಲೆಗಳಿಗೆ, ಕಚೇರಿಗಳಿಗೆ. ಒಂದು ಕೋಣೆಯ ಅಂಗಡಿ, ಎದುರುಬದುರಾಗಿ ಎರಡು ಹೊಲಿಗೆ ಯಂತ್ರ, ನಡುವೆ ಬಟ್ಟೆ ಹರಡುವ ಉದ್ದನೆಯ ಮೇಜು. ಉಬ್ಬಸದವರು ಬಟ್ಟೆಯ ದೂಳಿನಲ್ಲಿ ಕೂತು ದುಡಿಯುವುದೇ ಎಂದು ತಾವು ಹುಬ್ಬೇರಿಸಬಹುದು. ನಮಗೆ ಬರುತ್ತಿದ್ದ ಕೆಲಸ ಅದೊಂದೇ. ಹೊಸ ಬಟ್ಟೆಯನ್ನು ನೀರಿನಲ್ಲಿ ನೆನೆಸಿ, ಅದರ ಗಂಜಿ ಬಿಡಿಸಿ, ನೆರಳಿನಲ್ಲಿ ಒಣಗಿಸಿದ ಮೇಲೆಯೇ ಕತ್ತರಿ ಹಾಕುತ್ತಿದ್ದೆವು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದೆವು. ಗಿರಾಕಿಗಳು ನಮಗೆ ‘ಮುಸುಕಿನ ಅಕ್ಕತಂಗಿ’ ಎಂದು ಹೆಸರಿಟ್ಟಿದ್ದರು. ಯಾರಾದರೂ ತಮಾಷೆ ಮಾಡಿದರೆ ಅಕ್ಕ, “ನಮ್ಮ ಮುಖ ಕಟ್ಕೊಂಡು ನಿಮಗೇನಾಗಬೇಕು, ಪರದೆ ನೋಡಿ,” ಎಂದು ಬಾಯಿ ಮುಚ್ಚಿಸುತ್ತಿದ್ದಳು.

ನಮ್ಮಿಬ್ಬರ ನಡುವೆ ಒಂದು ಕಟ್ಟಳೆ ಇತ್ತು. ಅದನ್ನು ಹೇಳದಿದ್ದರೆ ಮುಂದಿನದು ತಮಗೆ ಅರ್ಥವಾಗದು. ಚಿಕ್ಕಂದಿನಲ್ಲಿ ಒಮ್ಮೆ ಇಬ್ಬರಿಗೂ ಮೈಕೈ ನೋವೆಂದು ಅಮ್ಮ ಅಂಗಡಿಯಿಂದ ಯಾವುದೋ ಹೊಸ ಮಾತ್ರೆ ತಂದು ಇಬ್ಬರಿಗೂ ಒಟ್ಟಿಗೆ ನುಂಗಿಸಿದಳು. ಇಬ್ಬರಿಗೂ ಒಟ್ಟಿಗೇ ಎದೆ ಕಟ್ಟಿತು. ಮನೆಯಲ್ಲಿದ್ದದ್ದು ಒಂದೇ ಇನ್ಹೇಲರ್. ನಾವು ಅದಕ್ಕೆ ಪಂಪು ಎನ್ನುತ್ತಿದ್ದೆವು. ಅಮ್ಮ ಅದನ್ನು ಒಬ್ಬಳ ಬಾಯಿಯಿಂದ ಕಿತ್ತು ಇನ್ನೊಬ್ಬಳ ಬಾಯಿಗೆ ಇಡುತ್ತಿದ್ದಳು, ಮತ್ತೆ ಕಿತ್ತು ಇವಳಿಗೆ ಇಡುತ್ತಿದ್ದಳು. ಯಾರ ಬಾಯಿಯಿಂದ ಕೀಳುವಾಗಲೂ ಅವಳು ನಮ್ಮ ಮುಖ ನೋಡಲಿಲ್ಲ, ಗೋಡೆ ನೋಡಿದಳು. ಹೇಗೋ ಬದುಕಿಕೊಂಡೆವು. ಆಮೇಲೆ ಅಮ್ಮ ಕಟ್ಟಳೆ ಮಾಡಿದಳು. ಹೊಸದು ಏನೇ ಬರಲಿ, ಇಬ್ಬರೂ ಒಟ್ಟಿಗೆ ಮುಟ್ಟಕೂಡದು. ಒಬ್ಬಳು ಮೊದಲು. ಇನ್ನೊಬ್ಬಳು ಪಂಪು ಹಿಡಿದು ಪಕ್ಕದಲ್ಲಿ ನಿಲ್ಲಬೇಕು. ಯಾರು ಮೊದಲು ಎಂದು ಅಮ್ಮ ಹೇಳಲಿಲ್ಲ. ಅಕ್ಕ ತಾನಾಗಿಯೇ “ನಾನು” ಅಂದಳು.

ಅಂದಿನಿಂದ ಎಲ್ಲದರಲ್ಲೂ ಹಾಗೆಯೇ. ಹೊಸ ಸಾಬೂನು, ಹೊಸ ಸುಣ್ಣ ಬಳಿದ ಕೋಣೆ, ಹೊಸ ಮಾತ್ರೆ, ಮೊದಲು ಅಕ್ಕ. ಬಟ್ಟೆ ವ್ಯಾಪಾರಿಯ ಗೋದಾಮಿನಲ್ಲಿ ಹೊಸ ಸುರುಳಿ ಬಿಚ್ಚಿದರೆ ಅವಳು ಅದರಲ್ಲಿ ಮುಖ ಹುದುಗಿಸಿ ಒಂದು ಉಸಿರು ಎಳೆದುಕೊಂಡು, ಅಲ್ಲೇ ನಿಂತು ತನ್ನ ಎದೆಯ ಸದ್ದನ್ನು ತಾನೇ ಕೇಳಿಸಿಕೊಳ್ಳುತ್ತಿದ್ದಳು. ನಾನು ಬಾಗಿಲ ಹೊರಗೆ ಪಂಪು ಹಿಡಿದು ನಿಂತಿರುತ್ತಿದ್ದೆ. ಎಲ್ಲ ಸರಿಯಿದ್ದರೆ ಅವಳು ತಿರುಗಿ ನೋಡಿ “ಬಾ” ಎನ್ನುತ್ತಿದ್ದಳು. ಆಗ ನಾನು ಒಳಗೆ ಹೋಗುತ್ತಿದ್ದೆ. ನನ್ನ ಆಯುಷ್ಯವೆಲ್ಲ ಆ ಒಂದು ಶಬ್ದದ ಮೇಲೆ ನಡೆದಿದೆ. ವ್ಯಾಪಾರಿ ನಗುತ್ತಿದ್ದ: “ಏನಮ್ಮಾ, ನಮ್ಮ ಬಟ್ಟೇಲಿ ವಿಷ ಇದೆಯಾ?” ಅಕ್ಕ, “ಇದ್ರೆ ನನಗೇ ಮೊದಲು ಗೊತ್ತಾಗೋದು, ಚಿಂತೆ ಬೇಡ,” ಎನ್ನುತ್ತಿದ್ದಳು.

ಹೋದ ಚಳಿಗಾಲಕ್ಕೆ ಮುಂಚೆ ತಮ್ಮ ಇಲಾಖೆಯಿಂದಲೇ ನಮಗೊಂದು ಕೆಲಸ ಬಂತು. ಲಸಿಕೆ ಶಿಬಿರಗಳಲ್ಲಿ ಅಡ್ಡ ನಿಲ್ಲಿಸುವ ಕಬ್ಬಿಣದ ಚೌಕಟ್ಟುಗಳಿಗೆ ಹಸಿರು ಪರದೆ. ತಮಗಿದು ಗೊತ್ತಿರಲಾರದು, ಪರದೆ ಯಾರು ಹೊಲಿದರು ಎಂದು ಯಾವ ಅಧಿಕಾರಿ ಕೇಳುತ್ತಾನೆ? ಕೆಳಗಿನ ಅಂಚಿಗೆ ಒಂದು ಮಡಿಕೆ ಸಾಕು ಎಂದು ತಮ್ಮವರು ಹೇಳಿದ್ದರು. ಅಕ್ಕ ಎರಡು ಮಡಿಕೆ ಹಾಕಿದಳು. “ಗಾಳಿಗೆ ಹಾರಿದ್ರೆ ಒಳಗೆ ತೋಳು ಬಿಚ್ಚಿ ಕೂತಿರೋರಿಗೆ ನಾಚಿಕೆ ಆಗುತ್ತೆ ಕಣೇ. ಅಂಚು ಭಾರವಾಗಿರಲಿ,” ಎಂದಳು. ಹೊಲಿಯುತ್ತಲೇ ಅವಳು ತೀರ್ಮಾನವನ್ನೂ ಮಾಡಿಬಿಟ್ಟಿದ್ದಳು. “ಈ ಸಲ ನಾವೂ ಹಾಕಿಸ್ಕೊಳ್ಳೋಣ. ಪ್ರತಿ ಚಳಿಗಾಲ ಹೆದರ್ಕೊಂಡು ಕೂರೋದು ಸಾಕಾಗಿದೆ. ನಾನು ಮೊದಲು ಹೋಗ್ತೀನಿ, ಮುಂದಿನ ವಾರ ನೀನು. ಆಮೇಲೆ ಪೀಪಿ.”

ಪೀಪಿ ಅಕ್ಕನ ಮಗಳು. ಹೈಸ್ಕೂಲು ಓದುತ್ತಿದ್ದಾಳೆ. ಎಳೆಗೂಸಾಗಿದ್ದಾಗ ಮಲಗಿದರೆ ಎದೆಯೊಳಗಿಂದ ಸಣ್ಣ ಪೀಪಿ ಊದಿದ ಹಾಗೆ ಸದ್ದು ಬರುತ್ತಿತ್ತು, ಅದಕ್ಕೇ ಆ ಹೆಸರು. ನಮ್ಮ ವಂಶದಲ್ಲಿ ಬಳುವಳಿ ಎಂದು ಬೇರೇನೂ ಇಲ್ಲ, ಅದೊಂದೇ ತಪ್ಪದೆ ಮುಂದಿನವರಿಗೆ ಸಂದಿದೆ.

ಶಿಬಿರದ ದಿನ ಕಟ್ಟಳೆಯ ಪ್ರಕಾರ ನಾನು ಪಂಪು ಹಿಡಿದು ಶಾಲೆಯ ಸಭಾಂಗಣದ ಬಾಗಿಲಲ್ಲಿ ನಿಂತೆ. ಅಕ್ಕ ಸಾಲಿನಲ್ಲಿ ನಿಂತಳು. ಒಳಗೆ ಅವಳದೇ ಹಸಿರು ಪರದೆಗಳು ಸಾಲಾಗಿ ನಿಂತಿದ್ದವು. ಮೇಜಿನ ಹಿಂದೆ ಕೂತಿದ್ದ ಹುಡುಗಿ ಎಲ್ಲರನ್ನೂ ಕೇಳುತ್ತಿದ್ದುದನ್ನೇ ಅವಳನ್ನೂ ಕೇಳಿದಳು.

“ಏನಾದ್ರೂ ಕಾಯಿಲೆ ಇದೆಯಾ?”

“ಆಸ್ತಮಾ ಇದೆ.”

“ಡಾಕ್ಟರ್ ಚೀಟಿ ತಂದಿದೀರಾ?”

“ಚೀಟಿ ಯಾಕಮ್ಮ? ತಗೋಬಹುದೋ ಇಲ್ವೋ ನೀವೇ ಹೇಳಿ. ಇದು ಲಸಿಕೆ ಹಾಕೋ ಜಾಗ ತಾನೆ?”

“ನನಗೆ ಹೇಳಿರೋದು ಇಷ್ಟೇ. ಬೋರ್ಡ್ ಓದಿಲ್ವಾ?”

ಅಕ್ಕನ ಹಿಂದೆ ನಿಂತಿದ್ದ ದಪ್ಪ ಹೆಂಗಸು ಅವಳ ಭುಜ ತಟ್ಟಿ, “ಇಲ್ಲ ಅಂದುಬಿಡಬಾರದಾ? ನನಗೆ ಶುಗರ್ರೂ ಇದೆ, ಬೀಪಿನೂ ಇದೆ. ಏನೂ ಇಲ್ಲ ಅಂತೀನಿ. ಯಾರು ಬಗ್ಗಿ ನೋಡ್ತಾರೆ?” ಎಂದಳು. “ನೀವು ಇಲ್ಲ ಅಂದ್ರೆ ನಡೆಯುತ್ತೆ. ನನ್ನ ಎದೆ ಇಲ್ಲೇ ಸಿಳ್ಳೆ ಹಾಕ್ತಿದೆ, ಕೇಳಿಸ್ತಿಲ್ವಾ?” ಎಂದಳು ಅಕ್ಕ. ಸಾಲಿನವರು ನಕ್ಕರು, ಅವಳೂ ನಕ್ಕಳು. ಆ ಹೆಂಗಸು ಏನೂ ಇಲ್ಲ ಎಂದು ಹೇಳಿ ಒಳಗೆ ಹೋದಳು. ಸುಳ್ಳು ಹೇಳಿದವರಿಗೆ ಲಸಿಕೆ, ನಿಜ ಹೇಳಿದವರಿಗೆ ಬೋರ್ಡು. ತಮ್ಮ ವ್ಯವಸ್ಥೆಯ ಮೊದಲ ಪಾಠ ನಮಗೆ ಆದದ್ದು ಹಾಗೆ. ಆ ಮೇಜಿನ ಹುಡುಗಿಯನ್ನು ನಾನು ಬಯ್ಯುವುದಿಲ್ಲ. ಅವಳ ಕೈಗೆ ಬೋರ್ಡು ಕೊಟ್ಟಿದ್ದಿರಿ, ಉತ್ತರ ಕೊಟ್ಟಿರಲಿಲ್ಲ. ಹೊರಗೆ ಬರುವಾಗ ಅಕ್ಕ ಒಂದು ಪರದೆಯ ಅಂಚನ್ನು ಚಪ್ಪಲಿಯ ತುದಿಯಿಂದ ಮೆಲ್ಲಗೆ ಸರಿಸಿ ನೋಡಿದಳು. “ಒಂಚೂರೂ ಹಾರ್ತಿಲ್ಲ ನೋಡು,” ಎಂದಳು. ಲಸಿಕೆ ಸಿಗದಿದ್ದರೂ ಹೊಲಿಗೆ ನಿಂತಿತಲ್ಲ ಎಂಬ ಸಮಾಧಾನ ಅವಳಿಗೆ.

ತಮ್ಮ ಆಜ್ಞೆಯಂತೆ ವೈದ್ಯರನ್ನು ಸಂಪರ್ಕಿಸಿದೆವು. ನಮ್ಮ ಬೀದಿಯ ಡಾಕ್ಟರು ಕೆಟ್ಟವರಲ್ಲ, ಎಷ್ಟೋ ಸಲ ಕಾಸಿಲ್ಲದೆ ನೋಡಿದ್ದಾರೆ. “ಧಾರಾಳವಾಗಿ ತಗೊಳ್ಳಿ,” ಎಂದರು. ಅದನ್ನೇ ಬರೆದು ಕೊಡಿ ಎಂದಾಗ ಪೆನ್ನು ಜೇಬಿಗೆ ಹೋಯಿತು. “ಬರೆದು ಕೊಟ್ಟು ನಾಳೆ ಒಂದು ಹೋಗಿ ಇನ್ನೊಂದಾದ್ರೆ ನನ್ನ ತಲೆಗೆ ಬರುತ್ತಮ್ಮ. ಲಸಿಕೆ ಹಾಕೋರು ಅವರು, ಅವರೇ ಹೇಳಲಿ. ಶಿಬಿರದಲ್ಲೇ ಕೇಳಿ.” ಶಿಬಿರಕ್ಕೆ ಹೋದರೆ ಅದು ಎತ್ತಂಗಡಿಯಾಗಿ ಬೇರೆ ಬಡಾವಣೆಗೆ ಹೋಗಿತ್ತು. ಅಲ್ಲಿಗೆ ಬಸ್ಸು ಹತ್ತಿ ಹೋದರೆ ಅಲ್ಲಿಯೂ ಅದೇ ಬೋರ್ಡು, ಬೇರೆ ಮೇಜು, ಬೇರೆ ಹುಡುಗಿ. ತಮ್ಮ ಸಹಾಯವಾಣಿಗೆ ಫೋನು ಮಾಡಿದರೆ ಒಂದು ಮಧುರ ಕಂಠ, ನಮ್ಮ ಕರೆ ತಮಗೆ ಬಹಳ ಮುಖ್ಯ ಎಂದು ತಿಳಿಸಿ, ತಮ್ಮ ವೈದ್ಯರನ್ನು ಸಂಪರ್ಕಿಸಿ ಎಂದು ಹೇಳಿ ಫೋನು ಇಟ್ಟಿತು. ಗಾಣದ ಎತ್ತಿಗಾದರೂ ಸುತ್ತಿದ್ದಕ್ಕೆ ಹಿಂಡಿ ಸಿಗುತ್ತದೆ.

ತಾವು ಬಾಯಿ ಬಿಡದ ಕಡೆ ಬೇರೆಯವರು ಬಾಯಿ ಬಿಡುತ್ತಾರೆ, ಇದನ್ನು ತಾವು ಯೋಚಿಸಿದ್ದೀರಾ? ಬಟ್ಟೆ ವ್ಯಾಪಾರಿ ಹೇಳಿದ, “ದಮ್ಮು ಇರೋರು ಅದರ ತಂಟೆಗೆ ಹೋಗಬಾರದು ಕಣಮ್ಮ. ನಮ್ಮ ಷಡ್ಡಕನ ಕಡೆಯವರೊಬ್ಬರಿಗೆ ಚುಚ್ಚಿದ ತಕ್ಷಣ ಉಸಿರೇ ಕಟ್ಟಿಹೋಯ್ತಂತೆ.” ಯಾರಿಗೆ, ಯಾವ ಊರಿನಲ್ಲಿ ಎಂದು ಕೇಳಿದರೆ, “ಯಾರೋ ಪಾಪ, ನಾನು ನೋಡಿಲ್ಲ,” ಎಂದ. ಗಾಳಿಮಾತು ಎಂದು ತಾವು ನಗಬಹುದು. ಆದರೆ ಗಾಳಿಗಾಗಿಯೇ ಒದ್ದಾಡುವ ನಮ್ಮಂಥವರು ಗಾಳಿಮಾತಿಗೆ ಹೆದರದೆ ಇರುವುದು ಹೇಗೆ? ಎದೆ ಕಟ್ಟುವುದು ಎಂದರೆ ಏನೆಂದು ತಿಳಿದವರಿಗೆ ಆ ಮಾತು ಕಿವಿಯಲ್ಲಿ ನಿಲ್ಲುವುದಿಲ್ಲ, ಮೈಗೆ ಇಳಿಯುತ್ತದೆ. ಅವನ ಮಾತಿನಲ್ಲಿ ಸತ್ಯ ಇರಲಿಲ್ಲ, ಆದರೆ ಒಂದು ಗುಣ ಇತ್ತು. ಅವನು ಸ್ಪಷ್ಟವಾಗಿ ಬೇಡ ಎಂದ. ಸತ್ಯ ಗೊತ್ತಿದ್ದ ತಾವು ಸ್ಪಷ್ಟವಾಗಿ ಏನನ್ನೂ ಹೇಳಲಿಲ್ಲ. ಯಾರ ಮಾತು ನಾಟುತ್ತದೆ ಹೇಳಿ.

ಅಕ್ಕನಿಗೆ ಸಿಗದಿದ್ದರೆ ನೀನಾದರೂ ಹಾಕಿಸಿಕೊಳ್ಳಬಹುದಿತ್ತಲ್ಲ, ಎಲ್ಲಾದರೂ ಬಾಯಿ ಮುಚ್ಚಿಕೊಂಡು ಸಾಲಿನಲ್ಲಿ ನಿಲ್ಲಬಹುದಿತ್ತಲ್ಲ ಎಂದು ತಾವು ಕೇಳಬಹುದು. ಕೇಳಿ, ಪರವಾಗಿಲ್ಲ. ನಾನೂ ಕೇಳಿಕೊಂಡಿದ್ದೇನೆ. ಅಕ್ಕ ಹೋಗದೆ ನಾನು ಹೋಗುವಂತಿರಲಿಲ್ಲ. ಅವಳು ಆಚೆ ನಿಂತು ‘ಬಾ’ ಎನ್ನದೆ ನಾನು ಯಾವ ಹೊಸ್ತಿಲನ್ನೂ ದಾಟಿದವಳಲ್ಲ. ಅಮ್ಮ ನಮ್ಮನ್ನು ಉಳಿಸಲೆಂದು ಮಾಡಿದ ಕಟ್ಟಳೆ, ಒಬ್ಬಳನ್ನು ತಡೆದರೆ ಇಬ್ಬರೂ ನಿಲ್ಲುವ ಹಾಗೆ ಮಾಡಿತು. ಇಬ್ಬರಲ್ಲ, ಮೂವರು. ಪೀಪಿಯ ಸರದಿ ನನ್ನ ಹಿಂದೆ ಇತ್ತು. ತಮ್ಮ ಒಂದು ಸಾಲಿಗೆ ನಮ್ಮ ಮನೆಯ ಬಾಗಿಲೇ ಮುಚ್ಚಿಕೊಂಡಿತು.

ಚಳಿಗಾಲದ ನಡುವೆ ಅಕ್ಕನಿಗೆ ಜ್ವರ ಬಂತು. ಶಾಲೆಯೊಂದಕ್ಕೆ ಪರದೆ ಹೊಲಿಯುವ ಅವಸರದಲ್ಲಿದ್ದೆವು. ಅಕ್ಕ ಕೆಮ್ಮುತ್ತಲೇ ಹೊಲಿದಳು. ಪಂಪು ಸಾಲದಾಯಿತು, ಆಸ್ಪತ್ರೆಗೆ ಹೋದೆವು. ಭಾವ ಲಾರಿ ಓಡಿಸುವವರು, ಆಗ ಎಲ್ಲೋ ದಾರಿಯಲ್ಲಿದ್ದರು. ಎದೆರೋಗದ ಡಾಕ್ಟರಮ್ಮ ಅಕ್ಕನ ಮಂಚದ ಪಕ್ಕ ನಿಂತು ನನ್ನನ್ನು ಒಂದೊಂದೇ ಕೇಳುತ್ತಿದ್ದರು. ಅಕ್ಕನ ಮುಖಕ್ಕೆ ಆಮ್ಲಜನಕದ ಮುಖವಾಡ ಹಾಕಿದ್ದರು, ಕಣ್ಣು ತೆರೆದೇ ಇತ್ತು.

“ಫ್ಲೂ ಲಸಿಕೆ ಹಾಕಿಸಿದ್ರಾ ಈ ವರ್ಷ?”

“ಇಲ್ಲ, ಆಸ್ತಮಾ ಇದೆ ಅಂತ...”

“ಆಸ್ತಮಾ ಇದೆ ಅಂತಲೇ ಹಾಕಿಸಬೇಕು. ಇಂಥವರಿಗೇ ಮೊದಲು ಹೇಳೋದು ನಾವು. ಹಿಂದೆ ಯಾವುದಾದ್ರೂ ಲಸಿಕೆಗೆ ಜೋರು ಅಲರ್ಜಿ ಆಗಿದ್ರೆ ಮಾತು ಬೇರೆ. ದಮ್ಮು ಕೆರಳಿರೋ ದಿನ, ಜ್ವರ ಇರೋ ದಿನ, ಸ್ವಲ್ಪ ತಡೆದು ಬನ್ನಿ ಅಂತೀವಿ. ಬರೀ ಆಸ್ತಮಾ ಇದೆ ಅಂತ ಬೇಡ ಅನ್ನಲ್ಲ. ನಿಮಗೆ ಯಾರು ಬೇಡ ಅಂದ್ರು?”

ನಾನು ಯೋಚಿಸಿದೆ. ಮೇಜಿನ ಹುಡುಗಿ ಬೇಡ ಅಂದಿರಲಿಲ್ಲ. ಡಾಕ್ಟರು ಬೇಡ ಅಂದಿರಲಿಲ್ಲ. ತಮ್ಮ ಮಧುರ ಕಂಠ ಬೇಡ ಅಂದಿರಲಿಲ್ಲ. “ಯಾರೂ ಬೇಡ ಅನ್ನಲಿಲ್ಲ,” ಎಂದೆ. ಅಕ್ಕ ಮುಖವಾಡದ ಮೇಲಿಂದ ನನ್ನನ್ನೇ ನೋಡುತ್ತಿದ್ದಳು. ‘ಇಂಥವರಿಗೇ ಮೊದಲು’ ಎಂಬ ಮಾತು ಅವಳ ಕಿವಿಗೂ ಬಿದ್ದಿತ್ತು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ, ಬೆರಗಿತ್ತು. ಬದುಕಿಡೀ ಎಲ್ಲದಕ್ಕೂ ಮೊದಲು ನಿಂತವಳಿಗೆ ತನಗೆ ನ್ಯಾಯವಾಗಿಯೇ ಮೊದಲ ಸ್ಥಾನವಿದ್ದ ಒಂದು ಸಾಲು ಲೋಕದಲ್ಲಿ ಇತ್ತು ಎಂದು ಆ ಮಂಚದ ಮೇಲೆ ತಿಳಿಯಿತು. ಆ ನೋಟ ನನ್ನನ್ನು ಬಿಟ್ಟಿಲ್ಲ, ಮಾನ್ಯರೇ. ಊಟದ ತಟ್ಟೆಯ ಮುಂದೆಯೂ ಬರುತ್ತದೆ, ಸೂಜಿಗೆ ದಾರ ಪೋಣಿಸುವಾಗಲೂ ಬರುತ್ತದೆ.

ಅವಳನ್ನು ಒಳಗಿನ ಕೋಣೆಗೆ ಸಾಗಿಸುವ ಮೊದಲು ಮಂಚದ ಸುತ್ತಲಿನ ಪರದೆಯನ್ನು ಬೆರಳಿನಲ್ಲಿ ಹಿಡಿದು, ಮುಖವಾಡ ಸರಿಸಿ ಏನೋ ಅಂದಳು. ಬಾಯಿಯ ಹತ್ತಿರ ಕಿವಿ ಇಟ್ಟೆ. “ಇದು ನಮ್ಮದಲ್ಲ. ಅಂಚು ನೋಡು,” ಎಂದಳು. ಅದೇ ಅವಳ ಕೊನೆಯ ಮಾತು. ನನಗೆ ನಗು ಬಂತು, ಹಾಗೆ ನಗು ಬಂದದ್ದಕ್ಕೆ ಈಗಲೂ ನನ್ನನ್ನು ನಾನೇ ಬಯ್ದುಕೊಳ್ಳುತ್ತೇನೆ. ಗಾಲಿ ಮಂಚ ಬಾಗಿಲು ದಾಟಿತು. ಅವಳು ಮೊದಲು ಒಳಗೆ ಹೋದಳು, ನಾನು ಪಂಪು ಹಿಡಿದು ಹೊರಗೆ ನಿಂತೆ. ಮಧ್ಯಾಹ್ನದ ಬಿಸಿಲು ಆ ಬಾಗಿಲ ಗಾಜಿನ ಮೇಲೆ ಬಿದ್ದು ಒಳಗಿನದು ಏನೂ ಕಾಣುತ್ತಿರಲಿಲ್ಲ. ಬಾಗಿಲು ತೆರೆದಾಗ ಹೊರಗೆ ಬಂದದ್ದು ಡಾಕ್ಟರಮ್ಮ ಒಬ್ಬರೇ.

ಲಸಿಕೆ ಹಾಕಿಸಿದ್ದರೆ ಅಕ್ಕ ಉಳಿಯುತ್ತಿದ್ದಳೇ? ಆ ಡಾಕ್ಟರಮ್ಮನನ್ನು ಕೇಳಿದೆ. ಅವರು ಹಾರಿಕೆಯ ಉತ್ತರ ಕೊಡಲಿಲ್ಲ. “ಖಂಡಿತ ಅಂತ ಹೇಳೋಕಾಗಲ್ಲ. ಲಸಿಕೆ ತಗೊಂಡೋರಿಗೂ ಜ್ವರ ಬರುತ್ತೆ, ಆದರೆ ಇಷ್ಟು ಜೋರಾಗೋದು ಕಮ್ಮಿ. ಒಂದು ಅವಕಾಶ ಜಾಸ್ತಿ ಇರ್ತಿತ್ತು,” ಎಂದರು. ತಮ್ಮಿಂದ ನಾನು ಕೇಳುತ್ತಿರುವುದೂ ಅಂಥ ಮಾತನ್ನೇ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ, ಗೊತ್ತಿದ್ದುದನ್ನು ನುಂಗಬೇಡಿ.

ಆಮೇಲೆ ನಾನು ತಮ್ಮ ಕಚೇರಿಗೆ ಬಂದಿದ್ದೆ. ತಾವು ಸಭೆಯಲ್ಲಿದ್ದಿರಿ. ಗುಮಾಸ್ತರೊಬ್ಬರು ಕೂರಿಸಿ ಮಾತಾಡಿಸಿದರು. ಆ ಸಾಲನ್ನು ಯಾಕೆ ಹಾಕಿದಿರಿ ಎಂದು ಕೇಳಿದೆ. “ಅದು ಹಿಂದಿನವರ ಕಾಲದ್ದು ಮೇಡಂ, ನಾವು ಹಾಗೇ ಮುಂದುವರಿಸಿದೀವಿ. ಏನಾದ್ರೂ ಆದ್ರೆ ನಾವು ಮೊದಲೇ ಹೇಳಿದ್ವಿ ಅಂತ ಇರಲಿ ಅಂತ.” ಪಾಪ, ಅವರು ನಿಜವನ್ನೇ ಹೇಳಿದರು. ನಮ್ಮ ಉಸಿರು ಕಾಯಲೆಂದು ಬರೆದ ಸಾಲು ಅದು ಎಂದು ನಾನು ಅಲ್ಲಿಯವರೆಗೂ ನಂಬಿದ್ದೆ. ಅದು ತಮ್ಮ ಕುರ್ಚಿ ಕಾಯಲೆಂದು ಬರೆದದ್ದು. ಲಸಿಕೆ ಹಾಕಿಸಿಕೊಂಡು ಯಾರಿಗಾದರೂ ಏನಾದರೂ ಆದರೆ ತಮ್ಮ ಮೇಲೆ ಬರುತ್ತದೆ. ಹಾಕಿಸಿಕೊಳ್ಳದೆ ಸತ್ತರೆ ಯಾರ ಮೇಲೂ ಬರುವುದಿಲ್ಲ, ಅದು ಅವರ ಹಣೆಬರಹ. ಈ ಲೆಕ್ಕ ತಮಗೆ ಚೆನ್ನಾಗಿ ಬರುತ್ತದೆ. ಅಕ್ಕ ಯಾರ ಕಡತದಲ್ಲೂ ಇಲ್ಲದೆ ಸತ್ತಿದ್ದಾಳೆ, ತಮಗೆ ಒಂದು ಗೆರೆಯ ತೊಂದರೆಯೂ ಆಗಲಿಲ್ಲ.

ಈಗ ನನ್ನ ವಿಷಯ. ಎದೆರೋಗದ ಡಾಕ್ಟರಮ್ಮ ಹೇಳಿದ ಮೇಲೆ ನನಗೆ ಎಲ್ಲ ತಿಳಿದಂತಾಯಿತಲ್ಲ, ಮಾರನೆಯ ದಿನವೇ ಓಡಬೇಕಿತ್ತಲ್ಲ. ಓಡಲಿಲ್ಲ. ಆ ಚಳಿಗಾಲ ಹಾಗೇ ಕಳೆಯಿತು. ತಲೆಗೆ ತಿಳಿದದ್ದು ಎದೆಗೆ ಇಳಿಯುವುದಿಲ್ಲ. ಅಕ್ಕನ ಯಂತ್ರಕ್ಕೆ ಬಟ್ಟೆ ಹೊದಿಸಿದ್ದೇನೆ. ನನ್ನ ಯಂತ್ರ ನಿಂತಾಗ ಅಂಗಡಿಯಲ್ಲಿ ಸಣ್ಣಗೆ ಸುಯ್ಯೆನ್ನುವ ಸದ್ದು ಕೇಳುತ್ತದೆ. ಅವಳು ಬಗ್ಗಿ ದಾರ ಕಡಿಯುವಾಗ ಬರುತ್ತಿದ್ದ ಅದೇ ಸದ್ದು, ಅದೇ ಶ್ರುತಿ. ಪ್ರತಿ ಸಲವೂ ತಲೆ ಎತ್ತಿ ಎದುರಿನ ಯಂತ್ರದ ಕಡೆ ನೋಡುತ್ತೇನೆ. ಆಮೇಲೆ ಗೊತ್ತಾಗುತ್ತದೆ, ಅದು ನನ್ನದೇ ಎದೆ. ಒಂದೇ ತಾಯಿ ಹೆತ್ತ ಎರಡು ಎದೆಗಳು ಒಂದೇ ರಾಗ ಹಾಡುತ್ತವೆಂದು ಅವಳು ಇರುವಾಗ ನಾನು ಗಮನಿಸಿರಲಿಲ್ಲ. ಗೊತ್ತಾದ ಮೇಲೂ ಮುಂದಿನ ಸಲ ಮತ್ತೆ ತಲೆ ಎತ್ತುತ್ತೇನೆ. ಗೋದಾಮಿನ ಬಾಗಿಲಲ್ಲಿ, ಬಣ್ಣ ಬಳಿದ ಕೋಣೆಯ ಬಾಗಿಲಲ್ಲಿ, ಔಷಧಿ ಅಂಗಡಿಯ ಮುಂದೆ, ಎಲ್ಲ ಕಡೆ ಕಾಲು ತಾನಾಗಿ ನಿಲ್ಲುತ್ತದೆ. ಹಿಂದಿನಿಂದ ಬಂದವರು ರೇಗುತ್ತಾರೆ, “ಹೋಗೋದಾದ್ರೆ ಹೋಗಿ, ದಾರಿ ಬಿಡಿ.” ನಾನು ಒಂದು ಶಬ್ದಕ್ಕಾಗಿ ಕಾಯುತ್ತಿದ್ದೇನೆ ಎಂದು ಅವರಿಗೆ ಹೇಳುವುದು ಹೇಗೆ?

ಹೀಗೇ ಕಾಲ ಹಾಕುತ್ತಿದ್ದೆನೇನೋ. ಆದರೆ ಮೊನ್ನೆ ಹೊಸ ಬಟ್ಟೆ ತರಲು ಪೀಪಿಯನ್ನು ಜೊತೆಗೆ ಕರೆದುಕೊಂಡು ಗೋದಾಮಿಗೆ ಹೋದೆ. ವ್ಯಾಪಾರಿ ಒಂದು ಸುರುಳಿ ಬಿಚ್ಚಿದ. ಬಾಗಿಲಲ್ಲಿ ನನ್ನ ಕಾಲು ನಿಂತಿತು. ನನ್ನ ಪಕ್ಕದಿಂದ ಪೀಪಿ ಸರಕ್ಕನೆ ಒಳಗೆ ಹೋದಳು. ನಾನು ನೋಡುನೋಡುತ್ತಿದ್ದಂತೆ ಬಟ್ಟೆಯಲ್ಲಿ ಮುಖ ಹುದುಗಿಸಿ ಉಸಿರು ಎಳೆದುಕೊಂಡಳು. ತಲೆ ಓರೆ ಮಾಡಿ ನಿಂತು ಕೇಳಿಸಿಕೊಂಡಳು. ಆ ಓರೆ, ಆ ನಿಲುವು, ಅವಳಿಗೆ ಯಾರೂ ಕಲಿಸಿದ್ದಲ್ಲ. ಆಮೇಲೆ ತಿರುಗಿ ನೋಡಿದಳು.

“ಚಿಕ್ಕಮ್ಮ, ಬಾ.”

ವ್ಯಾಪಾರಿಯ ಕೈಯಲ್ಲಿದ್ದ ಅಳತೆ ಕೋಲು ಹಾಗೇ ನಿಂತಿತು. ಹಿಂದಿರುಗುವಾಗ ಬಸ್ಸಿನಲ್ಲಿ ಕೇಳಿದೆ, “ಯಾಕೆ ಹಾಗೆ ಮಾಡಿದೆ?”

“ಮತ್ತೆ ಯಾರು ಮಾಡೋದು? ನೀನು ಬಾಗಿಲಲ್ಲೇ ನಿಂತ್ಬಿಡ್ತೀಯ. ಇನ್ನು ಮೇಲೆ ನಾನೇ ಮೊದಲು.” ಮತ್ತೆ ಅಂದಳು, “ಶಾಲೆಯ ಬಾಗಿಲಿಗೆ ಬೋರ್ಡ್ ಹಾಕಿದಾರೆ ನೋಡಿದ್ಯಾ? ಈ ಸಲ ನಾನು ಮೊದಲು ಹಾಕಿಸ್ಕೊತೀನಿ. ನೀನು ಪಂಪು ಹಿಡ್ಕೊಂಡು ನಿಂತ್ಕೊ. ಕಾಯಿಲೆ ಇದೆಯಾ ಅಂದ್ರೆ ಇಲ್ಲ ಅಂತೀನಿ. ಅಮ್ಮನ ಹಾಗೆ ನಿಜ ಹೇಳಲ್ಲ.”

ಕೇಳಿಸಿಕೊಂಡಿರಾ, ಮಾನ್ಯರೇ? ಹದಿನಾಲ್ಕರ ಮಗು ತಮ್ಮ ಬೋರ್ಡಿನಿಂದ ಕಲಿತದ್ದು ಇದು. ಎದೆಯ ತೊಂದರೆಯನ್ನು ಮುಚ್ಚಿಟ್ಟರೆ ಬದುಕಬಹುದು, ಹೇಳಿದರೆ ಸಾಯುತ್ತೇವೆ ಎಂದು. ನಾಳೆ ಅವಳು ದಮ್ಮು ಕೆರಳಿದ ದಿನವೇ ಹೋಗಿ ಏನೂ ಇಲ್ಲ ಎಂದು ಕೂತರೆ? ಚುಚ್ಚಿದ ಮೇಲೆ ಸ್ವಲ್ಪ ಹೊತ್ತು ಕೂರಿಸಿ ನೋಡುತ್ತೀರಲ್ಲ, ಆಗ ಎದೆ ಬಿಗಿದರೂ ಬಾಯಿ ಬಿಡದೆ ಎದ್ದು ಬಂದರೆ? ಸುರಕ್ಷತೆಗೆಂದು ತಾವು ಬರೆಸಿದ ಸಾಲು ಮಕ್ಕಳಿಗೆ ಸುಳ್ಳು ಹೇಳಲು ಕಲಿಸುತ್ತಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರೆ. ತಾವು ಒಳಗಿರಬೇಕಾದವರನ್ನು ಹೊರಗಿಟ್ಟು ಬಾಗಿಲು ಹಾಕಿದವರು.

ಭಾವ ಊರಿಗೆ ಬಂದಾಗ ಅವರಿಗೆ ಹೇಳಿದೆ. ಅವರು ಹೆಚ್ಚು ಮಾತಿನವರಲ್ಲ. ಕಾಲು ಚಾಚಿ ಕೂತವರು ಮಗಳ ಕೋಣೆಯ ಕಡೆ ನೋಡಿದರು. “ನಿಮ್ಮ ಉಸಿರಿನ ಕಷ್ಟ ನನಗೆ ಗೊತ್ತಿಲ್ಲಮ್ಮ. ನನಗೆ ಗೊತ್ತಿರೋದು ಒಂದೇ, ಇನ್ನೊಂದು ಸಲ ದಾರಿ ಮಧ್ಯೆ ಅಂಥ ಫೋನು ಬರಬಾರದು. ಏನು ಮಾಡಬೇಕೋ ನೀನೇ ಮಾಡು,” ಎಂದರು. ನಾನು ಎದ್ದು ಹೋಗಿ ಪೀಪಿಯ ಬಾಗಿಲಲ್ಲಿ ನಿಂತು, ನೀನು ಮೊದಲಲ್ಲ ಎಂದು ಹೇಳಿದೆ. “ಮತ್ತೆ ಯಾರು?” ಎಂದಳು. “ನಾನು,” ಎಂದೆ. ಅಮ್ಮನ ಮುಂದೆ ಅಕ್ಕ ಹೇಳಿದ ಆ ಒಂದು ಮಾತನ್ನು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು.

ಆದ್ದರಿಂದ ಮುಂದಿನ ವಾರದ ಶಿಬಿರಕ್ಕೆ ನಾನು ಬರುತ್ತಿದ್ದೇನೆ. ಧೈರ್ಯ ಬಂದಿದೆ ಎಂದು ತಿಳಿಯಬೇಡಿ. ವ್ಯಾಪಾರಿಯ ಷಡ್ಡಕನ ಕಡೆಯ ಆ ‘ಯಾರೋ ಪಾಪ’ ನನ್ನ ಜೊತೆಗೇ ಸಾಲಿನಲ್ಲಿ ನಿಲ್ಲುತ್ತಾನೆ, ಗೊತ್ತಿದೆ. ಎದೆರೋಗದ ಡಾಕ್ಟರಮ್ಮನ ಚೀಟಿ ಕೈಯಲ್ಲಿದೆ. ಅದಕ್ಕಾಗಿ ಒಂದು ದಿನದ ಕೆಲಸ ಬಿಟ್ಟು ಆಸ್ಪತ್ರೆಯಲ್ಲಿ ಕಾದಿದ್ದೇನೆ. ಕಾಯಲು ದಿನವಿಲ್ಲದವರು, ಅಂಥ ಡಾಕ್ಟರಮ್ಮ ಸಿಗದವರು ಏನು ಮಾಡಬೇಕು ಎಂದು ತಮ್ಮ ಬೋರ್ಡು ಹೇಳುವುದಿಲ್ಲ. ಕಾಯಿಲೆ ಇದೆಯೇ ಎಂದು ತಮ್ಮ ಹುಡುಗಿ ಕೇಳಿದಾಗ ನಾನು ಹೌದು ಎಂದೇ ಹೇಳುತ್ತೇನೆ, ಪೀಪಿಗೆ ಕೇಳಿಸುವಷ್ಟು ಗಟ್ಟಿಯಾಗಿ.

ನಾನು ತಮ್ಮನ್ನು ಪರಿಹಾರ ಕೇಳುತ್ತಿಲ್ಲ, ಕ್ಷಮೆಯನ್ನೂ ಕೇಳುತ್ತಿಲ್ಲ. ಹೊಲಿಗೆ ತಪ್ಪಿದರೆ ನಾವು ಅದರ ಮೇಲೆ ಇನ್ನೊಂದು ಹೊಲಿಗೆ ಹಾಕುವುದಿಲ್ಲ, ಬಿಚ್ಚುತ್ತೇವೆ. ತಾವೂ ಆ ಸಾಲನ್ನು ಬಿಚ್ಚಿ. ಉಬ್ಬಸ ಇರುವವರು ಲಸಿಕೆ ಹಾಕಿಸಿಕೊಳ್ಳಬಹುದು, ಹಾಕಿಸಿಕೊಳ್ಳುವುದು ಒಳ್ಳೆಯದು, ಯಾವ ದಿನ ಬೇಡ, ಯಾರು ಮೊದಲು ಕೇಳಿ ಬರಬೇಕು, ಅಷ್ಟನ್ನು ಎಲ್ಲರಿಗೂ ತಿಳಿಯುವ ಮಾತಿನಲ್ಲಿ ಬರೆಸಿ. ಪ್ರತಿ ಶಿಬಿರದ ಬಾಗಿಲಲ್ಲಿ ಒಂದು ಕುರ್ಚಿ ಹಾಕಿ, ತಿಳಿದವರೊಬ್ಬರನ್ನು ಕೂರಿಸಿ. ಅವರು ಎದುರಿನವರ ಮುಖ ನೋಡಿ, ಎದೆ ಕೇಳಿ, ‘ಬಾ’ ಎಂದಾದರೂ ಹೇಳಲಿ, ‘ಇವತ್ತು ಬೇಡ, ಇಂಥ ದಿನ ಬಾ’ ಎಂದಾದರೂ ಹೇಳಲಿ. ಹೇಳಿದ ಮಾತಿಗೆ ತಾವು ಹೊಣೆಯಾಗಿ. ಇದು ಮುಂದಿನ ವಾರದೊಳಗೆ ಆಗಬೇಕು. ಚಳಿ ಆಗಲೇ ಶುರುವಾಗಿದೆ.

ಆದರೂ ಆಗದಿದ್ದರೂ ನಾನು ಬರುತ್ತೇನೆ. ಅಕ್ಕ ಎರಡು ಮಡಿಕೆ ಹಾಕಿ ಹೊಲಿದ ಪರದೆಯ ಹಿಂದೆ, ಅವಳು ತಲುಪದ ಆ ಕುರ್ಚಿಯಲ್ಲಿ ಕೂರುತ್ತೇನೆ. ಹೊರಗೆ ಬಾಗಿಲಲ್ಲಿ ಪೀಪಿ ಪಂಪು ಹಿಡಿದು ನಿಂತಿರುತ್ತಾಳೆ. ಚುಚ್ಚಿದ ಮೇಲೆ ಕಾಯಬೇಕಾದಷ್ಟು ಹೊತ್ತು ಕಾದು, ನನ್ನ ಎದೆಯ ಸದ್ದನ್ನು ನಾನೇ ಕೇಳಿಸಿಕೊಳ್ಳುತ್ತೇನೆ. ಎಲ್ಲ ಸರಿಯಿದ್ದರೆ ಪರದೆ ಸರಿಸಿ, ಬಾಗಿಲ ಕಡೆ ತಿರುಗಿ, ನಾನು ಚಿಕ್ಕಂದಿನಿಂದ ಕೇಳುತ್ತಲೇ ಬಂದು ಒಮ್ಮೆಯೂ ಯಾರಿಗೂ ಹೇಳದ ಆ ಶಬ್ದವನ್ನು ಹೇಳಬೇಕು. ಅದನ್ನು ಹೇಳುವಷ್ಟು ಉಸಿರು ಇದ್ದರೆ ಸಾಕು.

ಇಂತಿ,
ಇಷ್ಟು ಕಾಲ ಎರಡನೆಯವಳಾಗಿದ್ದೇ ಬದುಕಿ ಉಳಿದ,
ತಮ್ಮ ಹಸಿರು ಪರದೆ ಹೊಲಿದವಳ ತಂಗಿ